ಮಲಗಿದ್ದವರನ್ನು ಕೇಳಿದ್ದೀರಾ? ಕಾಲೇಜು ಫಿಲ್ಮ್ ಸೊಸೈಟಿಯ ಒಂದು ಪ್ರದರ್ಶನ: ಪ್ರಕರಣ ಅಧ್ಯಯನ

ಬೆಂಗಳೂರಿನ ಹಳೇ ಪೇಟೆಗೆ ಹೊಂದಿಕೊಂಡ ಒಂದು ಪದವಿ ಕಾಲೇಜು. ಅಲ್ಲಿನ ವಿದ್ಯಾರ್ಥಿಗಳ ಫಿಲ್ಮ್ ಸೊಸೈಟಿ ತಿಂಗಳಿಗೊಂದು ಚಿತ್ರ ತೋರಿಸುತ್ತದೆ. ಒಂದು ಜನವರಿಯಲ್ಲಿ ಅವರು ಬೀದಿಯಲ್ಲಿ ಮಲಗುವವರ ಕುರಿತ 52 ನಿಮಿಷದ ಸಾಕ್ಷ್ಯಚಿತ್ರ ತೋರಿಸಲು ಹೊರಟರು. ಆಗ ಏನೇನಾಯಿತು, ಎಲ್ಲೆಲ್ಲಿ ನಿರ್ಧಾರ ಬದಲಾಯಿತು ಎಂಬುದೇ ಈ ಬರಹ. ಕಾಲೇಜು, ಚಿತ್ರ, ಆಶ್ರಯ ಕೇಂದ್ರ, ವ್ಯಕ್ತಿಗಳು ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದೆ.

ಹಿನ್ನೆಲೆ

ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ಮೆಜೆಸ್ಟಿಕ್ ಸುತ್ತ ರಾತ್ರಿ ಹನ್ನೊಂದರ ಮೇಲೆ ನಡೆದು ಹೋದವರಿಗೆ ಗೊತ್ತು: ಷಟರ್ ಎಳೆದ ಅಂಗಡಿಗಳ ಕಟ್ಟೆ, ಫ್ಲೈಓವರ್ ಅಡಿ, ತಳ್ಳುಗಾಡಿಯ ಮೇಲೆ, ಲಾರಿಯ ಕೆಳಗೆ ಜನ ಮಲಗಿರುತ್ತಾರೆ. ಇವರಲ್ಲಿ ಹೆಚ್ಚಿನವರು ದುಡಿಯುವವರು. ಮೂಟೆ ಹೊರುವವರು, ಹೂ ಕಟ್ಟುವವರು, ಚಿಂದಿ ಆಯುವವರು, ಮದುವೆ ಮಂಟಪಗಳಲ್ಲಿ ಬಡಿಸುವವರು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದವರಿದ್ದಾರೆ, ತಮಿಳುನಾಡು, ಆಂಧ್ರದವರಿದ್ದಾರೆ, ಇದೇ ಊರಲ್ಲಿ ಹುಟ್ಟಿದವರೂ ಇದ್ದಾರೆ.

2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಒಂದೇ ರಾತ್ರಿ, ಫೆಬ್ರವರಿ 28ರಂದು. ದೇಶದಾದ್ಯಂತ ಸಿಕ್ಕ ಲೆಕ್ಕ 17.73 ಲಕ್ಷ, ಅದರಲ್ಲಿ ನಗರಗಳಲ್ಲಿದ್ದವರು 9.38 ಲಕ್ಷ. ಒಂದು ರಾತ್ರಿಯ ಎಣಿಕೆಗೆ ಸಿಗದವರು ಎಷ್ಟೋ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲರ ಮಾತು. 2024ರವರೆಗೆ ನಡೆದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಪ್ರಕಾರ ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗಾಗುವಷ್ಟು, ವರ್ಷಪೂರ್ತಿ ಹಗಲೂ ರಾತ್ರಿ ತೆರೆದಿರುವ ಆಶ್ರಯ ಬೇಕಿತ್ತು. ತಲೆಗೆ 50 ಚದರಡಿ ಜಾಗ, ನೀರು, ಶೌಚಾಲಯ, ಸಾಮಾನಿಡಲು ಲಾಕರ್ ಕೂಡ ಬೇಕಿತ್ತು. ಈ ಲಾಕರ್ ವಿಷಯ ಮುಂದೆ ಬರುತ್ತದೆ.

ಇದರ ಜೊತೆಗೇ ಇನ್ನೊಂದು ಕಾನೂನಿದೆ: 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಸೆಸ್ ಇರುವುದು ಈ ಕಾಯ್ದೆಯಿಂದಲೇ. ಭಿಕ್ಷೆ ಬೇಡುತ್ತಿದ್ದರೆಂದು ಹಿಡಿದವರನ್ನು ಇಡುವ ಜಾಗದ ಹೆಸರು ‘ನಿರಾಶ್ರಿತರ ಪರಿಹಾರ ಕೇಂದ್ರ’. ಮಾಗಡಿ ರಸ್ತೆಯ ಆ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಸಾಲುಸಾಲಾಗಿ ಜನ ಸತ್ತಿದ್ದನ್ನು ಬೀದಿಯವರು ಮರೆತಿಲ್ಲ. ಒಂದು ದಿನವೂ ಕೈ ಚಾಚದ ಕೂಲಿಯವರಿಗೂ ಅಲ್ಲಿಗೆ ಹಿಡಿದೊಯ್ಯುವ ವ್ಯಾನ್ ಎಂದರೆ ಎದೆ ನಡುಕ.

ಮೊದಲ ಯೋಜನೆ

ಸೊಸೈಟಿಯ ಕೈಯಲ್ಲಿದ್ದದ್ದು 12,000 ರೂಪಾಯಿ ಮತ್ತು 180 ಸೀಟಿನ ಸೆಮಿನಾರ್ ಹಾಲ್. ಶನಿವಾರ ಮಧ್ಯಾಹ್ನ 3ಕ್ಕೆ ಚಿತ್ರ, ಆಮೇಲೆ ಒಬ್ಬ ಪ್ರಾಧ್ಯಾಪಕರು, ಒಬ್ಬ ಅಧಿಕಾರಿ, ಒಬ್ಬ ಸ್ವಯಂಸೇವಾ ಸಂಸ್ಥೆಯವರು ಕೂತು ಮಾತು, ರಾತ್ರಿ ಮಾರುಕಟ್ಟೆಯಲ್ಲಿ ಕಂಬಳಿ ಹಂಚಿಕೆ. ಪೋಸ್ಟರ್‌ಗೆಂದು ಸದಸ್ಯನೊಬ್ಬ ಬೆಳಗಿನ ಐದೂವರೆಗೆ ಹೋಗಿ, ಕಟ್ಟೆಯ ಮೇಲೆ ಮುದುಡಿ ಮಲಗಿದ್ದ ಗಂಡಸೊಬ್ಬರ ಫೋಟೊ ತೆಗೆದು ತಂದ. ಮೇಲೆ ದಪ್ಪಕ್ಷರದಲ್ಲಿ ಒಂದೇ ಪದ: ‘ನಿರಾಶ್ರಿತರು’. ಅದು ಸಂಜೆಯೊಳಗೆ ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಯಿತು.

ಯಾರ ಉದ್ದೇಶವೂ ಕೆಟ್ಟದ್ದಲ್ಲ. ಆದರೆ ಈ ಯೋಜನೆಯಲ್ಲಿ ಚಿತ್ರ ಯಾರ ಕುರಿತೋ ಅವರಿಗಿದ್ದ ಜಾಗ ಎರಡೇ: ಪೋಸ್ಟರ್‌ನಲ್ಲಿ ಮಲಗಿರುವುದು, ರಾತ್ರಿ ಕಂಬಳಿಗೆ ಕೈ ಒಡ್ಡುವುದು. ಅವರು ಬಂದು ನೋಡಬಹುದು, ನೋಡಿ ಏನಾದರೂ ಹೇಳಬಹುದು ಎಂಬ ಯೋಚನೆ ಎಲ್ಲಿಯೂ ಇರಲಿಲ್ಲ.

ಅತಿಥಿಯಾಗಿ ಕರೆದಿದ್ದ, ಪಾಲಿಕೆಯ ಆಶ್ರಯ ಕೇಂದ್ರವೊಂದನ್ನು ನೋಡಿಕೊಳ್ಳುವ ಕಾರ್ಯಕರ್ತೆ ಪೋಸ್ಟರ್ ನೋಡಿ ಮೂರು ಸಾಲು ಬರೆದರು. ಮಲಗಿದ್ದವರನ್ನು ಕೇಳಿದ್ದೀರಾ? ಪೋಸ್ಟರ್ ಅವರಿಗೆ ತೋರಿಸಿದ್ದೀರಾ? ಇದು ಅವರ ಊರಿನವರ ಫೋನಿಗೆ ಹೋದರೆ ಏನಾಗುತ್ತದೆ?

ಮೂರು ರಾತ್ರಿ ಹುಡುಕಾಟ

ಸೊಸೈಟಿಯ ಸಭೆಯಲ್ಲಿ ಎರಡು ಅಭಿಪ್ರಾಯ ಬಂತು. ಫೋಟೊ ತೆಗೆದುಹಾಕಿ ಸುಮ್ಮನಾಗೋಣ ಎಂದು ಕೆಲವರು. ತೆಗೆದುಹಾಕಿದರೆ ಸಾಲದು, ಹೋಗಿ ಅವರಿಗೇ ಹೇಳಬೇಕು ಎಂದು ಇನ್ನು ಕೆಲವರು. ಎರಡನೆಯದನ್ನು ಆರಿಸಿಕೊಂಡದ್ದು ಈ ಪ್ರಕರಣದ ಮೊದಲ ತಿರುವು. ಪೋಸ್ಟರ್ ಪ್ರತಿ ಹಿಡಿದು ಇಬ್ಬರು ಅದೇ ಕಟ್ಟೆಗೆ ಹೋದರು. ಮೂರನೇ ರಾತ್ರಿ ಅವರು ಸಿಕ್ಕರು.

ಯಾದಗಿರಿ ಕಡೆಯವರು, ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾರೆ. ಪೋಸ್ಟರನ್ನು ಬೀದಿದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. ಫೋಟೊ ಬಗ್ಗೆ ಅವರ ತಕರಾರು ಆಮೇಲೆ ಬಂತು. ಮೊದಲು ಬೆರಳಿಟ್ಟದ್ದು ಆ ದಪ್ಪಕ್ಷರದ ಮೇಲೆ. “ನಾ ನಿರಾಶ್ರಿತ ಅಲ್ರಿ. ಊರಾಗ ಮನಿ ಅದ, ಎರಡೆಕರೆ ಹೊಲ ಅದ. ದುಡಿಲಾಕ ಬಂದೀನಿ.” ಊರಲ್ಲಿ ಹೆಂಡತಿ ಮಕ್ಕಳಿಗೆ ಹೇಳಿರುವುದು ಗೋಡೌನಿನಲ್ಲಿ ಕೆಲಸ, ಅಲ್ಲೇ ರೂಮು ಕೊಟ್ಟಿದ್ದಾರೆ ಎಂದು.

ಈ ಒಂದು ಮಾತು ಎಲ್ಲವನ್ನೂ ಬದಲಿಸಿತು. ವಿದ್ಯಾರ್ಥಿಗಳಿಗೆ ‘ನಿರಾಶ್ರಿತ’ ಎಂಬುದು ಗೌರವದ, ಪುಸ್ತಕದ ಪದ. ಬೀದಿಯಲ್ಲಿ ಮಲಗುವವರಿಗೆ ಅದು ವ್ಯಾನಿನ ಮೇಲೆ ಬರೆದಿರುವ ಪದ, ಎತ್ತಿಕೊಂಡು ಹೋಗುವ ಪದ. ‘ನಿರ್ಗತಿಕ’ ಅದಕ್ಕಿಂತ ಕೆಟ್ಟದ್ದು; ಗತಿಯಿಲ್ಲ ಎಂದು ಮುಖಕ್ಕೇ ಹೇಳಿದಂತೆ. ಸರ್ಕಾರಿ ಕಾಗದದಲ್ಲಿ ‘ವಸತಿರಹಿತರು’ ಎಂದಿರುತ್ತದೆ, ಅದು ಯಾರ ಬಾಯಲ್ಲೂ ಬರುವುದಿಲ್ಲ. ಕೊನೆಗೆ ಕರಪತ್ರಕ್ಕೆ ಹೋದದ್ದು ‘ರಾತ್ರಿ ಬೀದಿಯಲ್ಲಿ ಮಲಗುವವರು’ ಎಂಬ ಸರಳ ಮಾತು. ಇಂಥ ಕಾರ್ಯಕ್ರಮ ಮಾಡುವವರು ಹಾಲ್ ಬುಕ್ ಮಾಡುವುದಕ್ಕೂ ಮೊದಲು ಈ ಪದದ ಪ್ರಶ್ನೆ ಬಗೆಹರಿಸಿಕೊಳ್ಳಬೇಕು. ಪದ ತಪ್ಪಿದರೆ ಬರಬೇಕಾದವರು ಬರುವುದೇ ಇಲ್ಲ.

ಫೋಟೊ ಎಲ್ಲ ಗುಂಪುಗಳಿಂದಲೂ ಪೂರ್ತಿ ಅಳಿಯಲಿಲ್ಲ. ಅಳಿಸಿ ಎಂದು ಕೇಳಿಕೊಳ್ಳಬಹುದು, ಅಷ್ಟೇ. ಇದನ್ನು ಅವರಿಗೆ ಹಾಗೆಯೇ ತಿಳಿಸಲಾಯಿತು. ಹೊಸ ಪೋಸ್ಟರ್‌ಗೆ ಅವರೇ ಒಂದನ್ನು ತೋರಿಸಿದರು: ಅಂಗಡಿಯ ಕಿಟಕಿ ಸರಳಿಗೆ ಪ್ಲಾಸ್ಟಿಕ್ ಹಗ್ಗದಿಂದ ಬಿಗಿದು ಕಟ್ಟಿದ್ದ ಚಾಪೆ, ಅದರೊಳಗೆ ಸುತ್ತಿಟ್ಟ ಹೊದಿಕೆ, ಹಗ್ಗದ ಗಂಟಿಗೆ ಸಿಕ್ಕಿಸಿದ ಹಲ್ಲುಜ್ಜುವ ಬ್ರಷ್ಷು. ಹಗಲಿಡೀ ಅವರ ಹಾಸಿಗೆ ಇರುವುದು ಹಾಗೆ. ಯಾರ ಮುಖವೂ ಇಲ್ಲದ ಆ ಚಿತ್ರ ಮೊದಲಿನದಕ್ಕಿಂತ ಹೆಚ್ಚು ಹೇಳುತ್ತಿತ್ತು.

ಮುನ್ನೋಟ: ಆಶ್ರಯ ಕೇಂದ್ರದ ಗೋಡೆಯ ಮೇಲೆ

ಕಾರ್ಯಕರ್ತೆ ಇಟ್ಟ ಷರತ್ತು ಒಂದೇ. ಹಾಲ್‌ನಲ್ಲಿ ತೋರಿಸುವ ಮೊದಲು ಕೇಂದ್ರದಲ್ಲಿ ಇರುವವರಿಗೆ ತೋರಿಸಿ, ಬೇಡ ಎಂದರೆ ಕೈಬಿಡಿ. ಮೊದಲ ಸಲ ಭಾನುವಾರ ಸಂಜೆ 4ಕ್ಕೆ ಲ್ಯಾಪ್‌ಟಾಪ್, ಸಣ್ಣ ಪ್ರೊಜೆಕ್ಟರ್ ಹಿಡಿದು ಹೋದರೆ ಇಬ್ಬರು ಮಾತ್ರ ಇದ್ದರು. ಮಾರುಕಟ್ಟೆಗೆ ದುಡಿಯುವವರು ನಡುರಾತ್ರಿ ಮೂರಕ್ಕೆ ಏಳುತ್ತಾರೆ, ಮಧ್ಯಾಹ್ನ ನಿದ್ದೆ, ಸಂಜೆ ಮತ್ತೆ ಕೆಲಸ. ಮುಂದಿನ ವಾರ ರಾತ್ರಿ 7ಕ್ಕೆ ಇಟ್ಟುಕೊಂಡಾಗ ಹದಿನಾಲ್ಕು ಜನ ಕೂತು ನೋಡಿದರು.

ಚಿತ್ರದ ನಡುವೆ ಒಂದು ದೃಶ್ಯ. ಬೀದಿ ನಲ್ಲಿಯ ಹತ್ತಿರ, ಸೀರೆಯ ಮರೆಯಲ್ಲಿ ಹೆಂಗಸೊಬ್ಬರು ಮೈ ತೊಳೆಯುತ್ತಾರೆ. ಕ್ಯಾಮೆರಾ ದೂರದಲ್ಲಿದೆ, ದೃಶ್ಯ ನಲವತ್ತು ಸೆಕೆಂಡ್ ಇದೆ. ಕೂತು ನೋಡುತ್ತಿದ್ದ ಹೂ ಕಟ್ಟುವ ಹೆಂಗಸೊಬ್ಬರು ನಿಲ್ಲಿಸಿ ಎಂದರು. “ಆ ಯಮ್ಮನಿಗೆ ಗೊತ್ತಾ, ನಾವೆಲ್ಲ ಹಿಂಗೆ ಕೂತ್ಕೊಂಡು ನೋಡ್ತಾ ಇದೀವಿ ಅಂತ?”

ಹತ್ತಾರು ಸಲ ನೋಡಿ ಉಪಶೀರ್ಷಿಕೆ ಬರೆಯುತ್ತಿದ್ದ ವಿದ್ಯಾರ್ಥಿಗಳಲ್ಲಿ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ನಿರ್ದೇಶಕರಿಗೆ ಮೇಲ್ ಹೋಯಿತು. ನಾಲ್ಕು ದಿನಕ್ಕೆ ಪ್ರಾಮಾಣಿಕ ಉತ್ತರ ಬಂತು: ಮುಖ್ಯವಾಗಿ ಮಾತಾಡಿದ ಮೂವರ ಲಿಖಿತ ಒಪ್ಪಿಗೆ ಇದೆ, ಆ ದೃಶ್ಯದ ಹೆಂಗಸಿನದು ಇಲ್ಲ. ಅವರೇ ಆ ಭಾಗ ತೆಗೆದ ಪ್ರತಿಯನ್ನು ಕಳಿಸಿಕೊಟ್ಟರು. ಸೊಸೈಟಿ ತಾನೇ ಕತ್ತರಿಸಲಿಲ್ಲ ಎಂಬುದನ್ನು ಗಮನಿಸಬೇಕು. ಒಬ್ಬರ ಕೃತಿಯನ್ನು ಅವರ ಒಪ್ಪಿಗೆಯಿಲ್ಲದೆ ತಿದ್ದಿ ತೋರಿಸುವುದು ಕಾನೂನಿನ ದೃಷ್ಟಿಯಿಂದಲೂ ಸರಿಯಲ್ಲ, ನಂಬಿಕೆಯ ದೃಷ್ಟಿಯಿಂದಲೂ ಅಲ್ಲ.

ಅದೇ ಪತ್ರದಲ್ಲಿ ಇನ್ನೆರಡು ವಿಷಯ ಕೇಳಿ ಬಗೆಹರಿಸಿಕೊಂಡರು. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಶಿಕ್ಷಣ ಸಂಸ್ಥೆಯೊಳಗೆ ಸಿಬ್ಬಂದಿ, ವಿದ್ಯಾರ್ಥಿ, ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಿಗೆ ಚಿತ್ರ ತೋರಿಸಲು ರಿಯಾಯಿತಿ ಕೊಡುತ್ತದೆ. ಹೊರಗಿನವರನ್ನು ಕರೆದ ಮೇಲೆ ಅದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ, ಹಾಗಾಗಿ ಪ್ರದರ್ಶನಕ್ಕೆ ಲಿಖಿತ ಅನುಮತಿ ತೆಗೆದುಕೊಂಡರು. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಇದೆಯೇ ಎಂದು ಕೇಳಿ ಅದರ ಪ್ರತಿಯನ್ನೂ ತರಿಸಿಕೊಂಡರು. ಒಂದು ಮೇಲ್‌ನಲ್ಲಿ ಮುಗಿಯುವ ಈ ಕೆಲಸವನ್ನು ಬಹಳ ಕಾಲೇಜುಗಳಲ್ಲಿ ಯಾರೂ ಮಾಡುವುದಿಲ್ಲ.

ಕನ್ನಡ ಅಕ್ಷರ, ಕನ್ನಡ ದನಿ

ಚಿತ್ರದ ಮಾತು ಹಿಂದಿ, ಉಪಶೀರ್ಷಿಕೆ ಇಂಗ್ಲಿಷ್. ಕನ್ನಡಕ್ಕೆ ತರಲು ಆರು ಜನ ಒಂಬತ್ತು ದಿನ ಕೂತರು. ಒಟ್ಟು ಸುಮಾರು 600 ತುಣುಕು. ಕೆಲಸದಲ್ಲಿ ಕಲಿತದ್ದು ಇಷ್ಟು: ಪರದೆಯ ಮೇಲೆ ಒಮ್ಮೆಗೆ ಎರಡೇ ಸಾಲು, ಸಾಲಿಗೆ ಐದಾರು ಪದಕ್ಕಿಂತ ಹೆಚ್ಚು ಬೇಡ, ಎರಡು ಸಾಲಿದ್ದರೆ ಕನಿಷ್ಠ 4 ಸೆಕೆಂಡ್ ನಿಲ್ಲಲಿ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚು ಇಡಬೇಕು. ‘ರೈನ್ ಬಸೇರಾ’ ಎಂಬುದನ್ನು ‘ಆಶ್ರಯಧಾಮ’ ಎಂದಿದ್ದವರು ಮುನ್ನೋಟದ ನಂತರ ‘ರಾತ್ರಿ ತಂಗುವ ಜಾಗ’ ಎಂದು ತಿದ್ದಿದರು.

ಹಾಲ್‌ನ ಹಳೆಯ ಕಂಪ್ಯೂಟರ್‌ನಲ್ಲಿ ಹಾಕಿದಾಗ ‘ರಾತ್ರಿ’ ಒಡೆದು ‘ರಾತ್‌ರಿ’ ಆಯಿತು, ‘ಊಟಕ್ಕೆ’ ಎಂಬುದರ ಒತ್ತು ಪಕ್ಕಕ್ಕೆ ಹೋಗಿ ಕೂತಿತು. ಫೈಲ್ ಯುನಿಕೋಡ್‌ನಲ್ಲೇ ಇತ್ತು. ಅಕ್ಷರ ಜೋಡಿಸುವ ಕೆಲಸವನ್ನು ಪ್ಲೇಯರ್ ಸರಿಯಾಗಿ ಮಾಡದಿದ್ದರೆ ಹೀಗಾಗುತ್ತದೆ. ಪರಿಹಾರ, ಉಪಶೀರ್ಷಿಕೆಯನ್ನು ಪ್ರತ್ಯೇಕ ಫೈಲ್ ಆಗಿ ಇಡದೆ ಎಫ್ಎಫ್ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಕೊಟ್ಟು ಚಿತ್ರದೊಳಗೇ ಅಚ್ಚೊತ್ತಿಬಿಡುವುದು. ಆಮೇಲೆ ಯಾವ ಕಂಪ್ಯೂಟರ್‌ನಲ್ಲಿ ಹಾಕಿದರೂ ಅಕ್ಷರ ಒಡೆಯುವುದಿಲ್ಲ. ಇದಕ್ಕೂ ನಿರ್ದೇಶಕರ ಒಪ್ಪಿಗೆ ಕೇಳಲಾಯಿತು. ಲ್ಯಾಪ್‌ಟಾಪ್‌ನಿಂದ ಮಿಕ್ಸರ್‌ಗೆ ಹೋಗುವ ದನಿಯಲ್ಲಿ ಗುಂಯ್‌ ಎನ್ನುವ ಸದ್ದಿತ್ತು. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿದಾಗ ನಿಂತಿತು.

ಆದರೆ ಇಷ್ಟೆಲ್ಲ ಮಾಡಿದ ಉಪಶೀರ್ಷಿಕೆ ಮುನ್ನೋಟದಲ್ಲಿ ಅರ್ಧ ಜನರಿಗೆ ಪ್ರಯೋಜನಕ್ಕೆ ಬರಲಿಲ್ಲ. ಅವರಿಗೆ ಓದಲು ಬರುವುದಿಲ್ಲ, ಬಂದರೂ ಆ ವೇಗದಲ್ಲಿ ಆಗುವುದಿಲ್ಲ. ಹಾಗಾಗಿ ಮುಖ್ಯ ಪ್ರದರ್ಶನಕ್ಕೆ ಇಬ್ಬರು ವಿದ್ಯಾರ್ಥಿಗಳು, ಒಂದು ಗಂಡು ದನಿ, ಒಂದು ಹೆಣ್ಣು ದನಿ, ಪಕ್ಕದಲ್ಲಿ ಕೂತು ಮೈಕಿನಲ್ಲಿ ಓದಿದರು. 600 ತುಣುಕನ್ನೂ ಓದಲು ಹೋದರೆ ಉಸಿರು ಸಿಗುವುದಿಲ್ಲ, ಚಿತ್ರದ ಸದ್ದೂ ಮುಳುಗುತ್ತದೆ. 240ಕ್ಕೆ ಇಳಿಸಿ, ಮೂರು ಸಲ ಅಭ್ಯಾಸ ಮಾಡಿ, ಓದುವಾಗ ಮಿಕ್ಸರ್‌ನಲ್ಲಿ ಚಿತ್ರದ ದನಿ ತಗ್ಗಿಸಿದರು.

ಗೇಟು, ವೋಚರ್, ಉಪ್ಪಿಟ್ಟು

ಕಾರ್ಯಕ್ರಮ ಭಾನುವಾರ ಸಂಜೆ 6ಕ್ಕೆ ಬದಲಾಯಿತು. ಮೂವರ ಚರ್ಚಾಗೋಷ್ಠಿ ಹೋಯಿತು. ವೇದಿಕೆಯ ಬದಲು ಕೆಳಗೆ ಅರ್ಧವೃತ್ತವಾಗಿ ಕುರ್ಚಿ ಹಾಕಿದರು. ಮಾತಾಡುವವರಲ್ಲಿ ಹೂ ಕಟ್ಟುವ ಹೆಂಗಸು ಮತ್ತು ಪ್ರಾಧ್ಯಾಪಕರು ಇಬ್ಬರೂ ಇದ್ದರು. ಪ್ರಾಧ್ಯಾಪಕರಿಗೆ 1,500 ರೂಪಾಯಿ ಗೌರವಧನ ಎಂದಿತ್ತು. ಆ ಹೆಂಗಸಿಗೂ ಅಷ್ಟೇ ಕೊಡಬೇಕು ಎಂದಾಗ ಸಮಿತಿಯಲ್ಲಿ ವಾದ ನಡೆಯಿತು. ದುಡ್ಡು ಕೊಟ್ಟು ಮಾತಾಡಿಸಿದಂತಾಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ಪ್ರಾಧ್ಯಾಪಕರ ವಿಷಯದಲ್ಲಿ ಆ ಪ್ರಶ್ನೆ ಏಕೆ ಬರಲಿಲ್ಲ ಎಂದು ಇನ್ನೊಬ್ಬರು ಕೇಳಿದ ಮೇಲೆ ಸಮಾನ ಮೊತ್ತವೇ ನಿಂತಿತು. ಆದರೆ ಕಾಲೇಜಿನ ಲೆಕ್ಕಪತ್ರ ವಿಭಾಗ ಬ್ಯಾಂಕ್ ಖಾತೆ ಮತ್ತು ಪ್ಯಾನ್ ಕೇಳಿತು. ಅವರಿಗೆ ಎರಡೂ ಇರಲಿಲ್ಲ. ಸಣ್ಣ ಖರ್ಚಿನ ನಗದು ವೋಚರ್‌ಗೆ ಸಹಿ ಹಾಕಿಸಿಕೊಂಡು ಕೊಡಲು ಪ್ರಾಂಶುಪಾಲರ ಅನುಮತಿ ಪಡೆಯಲು ಒಂದು ವಾರ ಹಿಡಿಯಿತು. ಇದನ್ನು ಕೊನೆಯ ದಿನಕ್ಕೆ ಬಿಟ್ಟಿದ್ದರೆ ಅವರನ್ನು ಬರಿಗೈಲಿ ಕಳಿಸಬೇಕಾಗುತ್ತಿತ್ತು.

ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ರಿಜಿಸ್ಟರ್‌ನಲ್ಲಿ ವಿಳಾಸ ಬರೆಯುವುದು ಕಾಲೇಜಿನ ನಿಯಮ. ಮನೆಯೇ ಇಲ್ಲದವರು ಆ ಕಾಲಮಿನಲ್ಲಿ ಏನು ಬರೆಯಬೇಕು? ಹೆಸರು ಮಾತ್ರದ ಪಟ್ಟಿಯನ್ನು ಮೊದಲೇ ಕೊಟ್ಟು, ಗೇಟಿನಲ್ಲಿ ಒಬ್ಬ ಸದಸ್ಯ ನಿಂತು ಒಳಗೆ ಕರೆದೊಯ್ಯುವ ಏರ್ಪಾಟಾಯಿತು. ಕಾವಲುಗಾರರಿಗೆ ಹಿಂದಿನ ದಿನವೇ ಎಲ್ಲ ಹೇಳಿದ್ದರಿಂದ ಅವರು ಪ್ರೀತಿಯಿಂದ ನಡೆದುಕೊಂಡರು. ಚಹಾ, ಉಪ್ಪಿಟ್ಟು ಚಿತ್ರಕ್ಕೆ ಮೊದಲು, ಎಲ್ಲರಿಗೂ ಒಂದೇ ಸಾಲಿನಲ್ಲಿ. ಹಸಿದು ಬಂದವರು ಎರಡು ಗಂಟೆ ಕೂರುವುದು ಕಷ್ಟ, ಮುಗಿದ ಮೇಲೆ ಪ್ರತ್ಯೇಕವಾಗಿ ಕರೆದು ಕೊಟ್ಟರೆ ಅದು ಅನ್ನದಾನವಾಗಿಬಿಡುತ್ತದೆ. ಮೊದಲ ಸಾಲನ್ನು ಯಾರಿಗೂ ಕಾದಿರಿಸಲಿಲ್ಲ.

ಆ ಸಂಜೆ

ಸುಮಾರು 140 ಜನ ಬಂದರು, ಅವರಲ್ಲಿ ಹತ್ತೊಂಬತ್ತು ಜನ ಕೇಂದ್ರದಿಂದ ಮತ್ತು ಬೀದಿಯಿಂದ. ಚಳಿಯಲ್ಲಿ ಒಬ್ಬರು ಸಾಯುವ ದೃಶ್ಯ ಬರುತ್ತದೆ ಎಂದು ಮೊದಲೇ ಹೇಳಿತ್ತು. ಆ ಹೊತ್ತಿಗೆ ಮೂವರು ಎದ್ದು ಹೊರಗೆ ಹೋದರು, ಮುಗಿದ ಮೇಲೆ ಇಬ್ಬರು ಮರಳಿದರು.

ಚರ್ಚೆಯ ಮೊದಲ ಪ್ರಶ್ನೆ, ಯಾವಾಗಲೂ ಬರುವಂಥದ್ದೇ: ಸರ್ಕಾರ ಜಾಗ ಕೊಟ್ಟರೂ ಬೀದಿಯಲ್ಲೇ ಯಾಕೆ ಮಲಗುತ್ತಾರೆ? ಹೂ ಕಟ್ಟುವ ಹೆಂಗಸು ಉತ್ತರಿಸಿದರು. “ಹೂವಿನ ಮಾರ್ಕೆಟ್ ಬೆಳಗಿನ ಜಾವಕ್ಕೇ ಶುರು. ಅಷ್ಟು ದೂರ ಮಲಗಿದ್ರೆ ಮೂರು ಗಂಟೆಗೆ ನಂಗೆ ಬಸ್ ಎಲ್ಲಿ ಸಿಗತ್ತೆ? ಗಂಡಸ್ರದ್ದು ಬೇರೆ, ಹೆಂಗಸ್ರದ್ದು ಬೇರೆ ಅಂತಾರೆ. ಹನ್ನೆರಡು ವರ್ಷದ ಮಗನ್ನ ಎಲ್ಲಿ ಬಿಡ್ಲಿ?” ಮೂಟೆ ಹೊರುವವರು ಮೆಲ್ಲಗೆ ಸೇರಿಸಿದರು: ತಳ್ಳುಗಾಡಿ ಬಾಡಿಗೆಯದು, ರಾತ್ರಿ ಬಿಟ್ಟು ಹೋದರೆ ಬೆಳಗ್ಗೆ ಇರುವುದಿಲ್ಲ, ಅದಕ್ಕೇ ಅದರ ಮೇಲೆಯೇ ಮಲಗುತ್ತಾರೆ. ದೂರ, ಕುಟುಂಬ, ಸಾಮಾನು. ಆಶ್ರಯ ಕೇಂದ್ರಗಳಲ್ಲಿ ಹಾಸಿಗೆ ಖಾಲಿ ಬಿದ್ದಿದ್ದರೂ ಪಕ್ಕದ ಬೀದಿ ತುಂಬಿರಲು ಬಹುಪಾಲು ಕಾರಣ ಇವೇ ಮೂರು. ಕೇಂದ್ರ ಕಟ್ಟುವ ಜಾಗವನ್ನು ಖಾಲಿ ಸರ್ಕಾರಿ ಕಟ್ಟಡ ಎಲ್ಲಿದೆ ಎಂದು ನೋಡಿ ಆರಿಸುತ್ತಾರೆ, ಕೆಲಸ ಎಲ್ಲಿದೆ ಎಂದು ನೋಡುವುದಿಲ್ಲ.

ಇಲ್ಲಿಯೇ ಒಂದು ದೊಡ್ಡ ತಪ್ಪೂ ಆಯಿತು. ಈ ಇಬ್ಬರು ಮಾತಾಡುತ್ತಿರುವಾಗ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಇನ್‌ಸ್ಟಾಗ್ರಾಂನಲ್ಲಿ ಲೈವ್ ಹಾಕಿದ್ದಳು. ಯಾರೋ ಗಮನಿಸುವ ಹೊತ್ತಿಗೆ ಆರು ನಿಮಿಷ ಕಳೆದಿತ್ತು. ಫೋಟೊ, ವಿಡಿಯೊ ಬೇಡ ಎಂಬ ಪ್ರಕಟಣೆ ಆಗಿತ್ತು, ಆದರೆ ಒಮ್ಮೆ ಮಾತ್ರ, ಚಿತ್ರ ಶುರುವಾಗುವ ಮೊದಲು. ಅವಳು ತಡವಾಗಿ ಬಂದವಳು. ಕೂಡಲೇ ಅಳಿಸಿದಳು, ಮುಗಿದ ಮೇಲೆ ತಾನೇ ಹೋಗಿ ಕ್ಷಮೆ ಕೇಳಿದಳು. ಪ್ರಕಟಣೆಯನ್ನು ಚರ್ಚೆಯ ಆರಂಭದಲ್ಲಿ ಮತ್ತೊಮ್ಮೆ ಮಾಡಬೇಕಿತ್ತು, ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕಿತ್ತು, ಪ್ರತಿ ಐದು ಸಾಲಿಗೆ ಒಬ್ಬರು ನೋಡಿಕೊಳ್ಳಬೇಕಿತ್ತು. ಮುಂದಿನ ಪ್ರದರ್ಶನಗಳಲ್ಲಿ ಈ ಮೂರನ್ನೂ ಮಾಡಿದ್ದಾರೆ.

ಕಂಬಳಿಯ ಬದಲು

ಕಂಬಳಿಗೆ ತೆಗೆದಿಟ್ಟಿದ್ದ ಹಣವನ್ನು ಏನು ಮಾಡೋಣ ಎಂದು ಕೇಳಿದಾಗ ಕಂಬಳಿ ಬೇಕೆಂದವರು ಕಡಿಮೆ. ಜನವರಿಯಲ್ಲಿ ಮೂರ್ನಾಲ್ಕು ಕಡೆಯಿಂದ ಕಂಬಳಿ ಬರುತ್ತದೆ, ಬೆಳಗಾದರೆ ಇಡಲು ಜಾಗವಿಲ್ಲ. ಬೇಕಾಗಿದ್ದದ್ದು ಬೀಗ ಹಾಕುವ ಲಾಕರ್ ಮತ್ತು ವೋಟರ್ ಕಾರ್ಡ್.

ಮನೆಯಿಲ್ಲದವರೂ ಮತದಾರರಾಗಬಹುದು. ಹೊಸದಾಗಿ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರಲ್ಲಿ ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಬೂತ್ ಮಟ್ಟದ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು ಆ ವ್ಯಕ್ತಿ ನಿಜವಾಗಿ ಅಲ್ಲೇ ಮಲಗುತ್ತಾರೆ ಎಂದು ಖಚಿತಪಡಿಸಿಕೊಂಡರೆ ವಿಳಾಸಕ್ಕೆ ಬೇರೆ ದಾಖಲೆ ಬೇಡ ಎಂಬುದು ಚುನಾವಣಾ ಆಯೋಗದ ಸೂಚನೆ. ಹನ್ನೊಂದು ಜನರ ಅರ್ಜಿ ತುಂಬಿದರು. ವಿಳಾಸ ಬರೆಯುವಾಗ ‘ಮಾರುಕಟ್ಟೆ ಹತ್ತಿರ’ ಎಂದು ಬರೆದರೆ ಕೆಲಸವಾಗುವುದಿಲ್ಲ. ರಸ್ತೆಯ ಹೆಸರು, ಎದುರಿನ ಅಂಗಡಿ, ಎಷ್ಟನೇ ಕಂಬ ಎಂಬಷ್ಟು ಸ್ಪಷ್ಟವಾಗಿರಬೇಕು.

ಮೊದಲ ಸುತ್ತಿನಲ್ಲಿ ಅಧಿಕಾರಿ ಹಗಲು ಹೊತ್ತು ಬಂದು, ಯಾರೂ ಇಲ್ಲವೆಂದು ಬರೆದು ಹೋದರು. ಹಗಲು ಅಲ್ಲಿ ಯಾರೂ ಇರುವುದಿಲ್ಲ, ಅಂಗಡಿ ತೆರೆದಿರುತ್ತದೆ. ವಿದ್ಯಾರ್ಥಿಗಳು ಆಯೋಗದ ಸೂಚನೆಯ ಪ್ರತಿ ಲಗತ್ತಿಸಿ ಲಿಖಿತ ಮನವಿ ಕೊಟ್ಟು, ರಾತ್ರಿ ಹತ್ತೂವರೆಗೆ ಎರಡು ದಿನ ಅವರ ಜೊತೆಗೇ ಹೋದರು. ಅಷ್ಟಾದ ಮೇಲೆ ಏಳು ಜನರ ಹೆಸರು ಸೇರಿತು. ಇಬ್ಬರ ಹೆಸರು ಊರಿನ ಪಟ್ಟಿಯಲ್ಲಿ ಮೊದಲೇ ಇತ್ತು. ಅಂಥವರು ತುಂಬಬೇಕಾದದ್ದು ವಿಳಾಸ ಬದಲಾವಣೆಯ ನಮೂನೆ 8, ತುಂಬಿದರೆ ಊರಿನ ಪಟ್ಟಿಯಿಂದ ಹೆಸರು ಹೋಗುತ್ತದೆ. ಮೂಟೆ ಹೊರುವವರು ಅವರಲ್ಲೊಬ್ಬರು. ಯೋಚಿಸಿ, ಊರಿನದೇ ಇರಲಿ ಎಂದರು. ಇದನ್ನು ಅರ್ಜಿ ತುಂಬುವ ಮೊದಲೇ ವಿಚಾರಿಸಬೇಕಿತ್ತು. ಉಳಿದ ಇಬ್ಬರು ಅಷ್ಟರಲ್ಲಿ ಮುಂಗಾರು ಬಿತ್ತನೆಗೆ ಊರಿಗೆ ಹೋಗಿದ್ದರು.

ಲಾಕರ್ ಬಗ್ಗೆ ಮಾರ್ಗಸೂಚಿಯ ಆ ಪುಟ ಲಗತ್ತಿಸಿ ಪಾಲಿಕೆಗೆ ಎರಡು ಪತ್ರ ಹೋಗಿದೆ, ಎರಡಕ್ಕೂ ಸ್ವೀಕೃತಿ ಮುದ್ರೆ ಬಿದ್ದಿದೆ. ಕಂಬಳಿ ಹಣದಲ್ಲಿ ಕೇಂದ್ರಕ್ಕೆ ಬೀಗವಿರುವ ಆರು ಗೂಡಿನ ಒಂದು ಉಕ್ಕಿನ ಬೀರು ಬಂತು. ಅದರಲ್ಲಿ ಜಾಗ ಸಿಗದವರು ಈಗಲೂ ಚೀಲವನ್ನು ಚಹಾದಂಗಡಿಯಲ್ಲಿ ದಿನಕ್ಕೆ ಹತ್ತು ರೂಪಾಯಿ ಕೊಟ್ಟು ಇಡುತ್ತಾರೆ, ಅಂಗಡಿ ಮುಚ್ಚುವ ಮೊದಲು ಹೋಗಿ ತೆಗೆದುಕೊಳ್ಳುತ್ತಾರೆ.